ಅಪ್ಪನ ಹೆಸರಿನಲ್ಲಿ ಬಂದ ಮೆಸೇಜು

ಕಳ್ಳನ ಮೇಲಿನ ಸಿಟ್ಟು ನನಗೆ ಬೇಗ ಇಳಿಯಿತು. ಅವನು ಯಾವ ಊರಿನವನೋ, ಯಾವ ಕೋಣೆಯಲ್ಲಿ ಕೂತು ಆ ಕೆಲಸ ಮಾಡಿದನೋ, ಅವನಿಗೆ ನಮ್ಮಪ್ಪ ಎಂದರೆ ಬರೀ ಒಂದು ಫೋಟೊ, ಒಂದು ಫೋನ್ ನಂಬರು. ಇವತ್ತಿಗೂ ಇಳಿಯದೇ ಇರುವುದು ಗೊತ್ತಿದ್ದವರ ಮೇಲಿನ ಸಿಟ್ಟು. ಅಪ್ಪನೆದುರು ಬೆಂಚಿನ ಮೇಲೆ ಕೂತು ಪಾಠ ಕೇಳಿದವರು, ಅವರ ಕೈಯಿಂದ ಪೆಟ್ಟನ್ನೂ ಪೆಪ್ಪರಮಿಂಟನ್ನೂ ತಿಂದವರು, ದಾರಿಯಲ್ಲಿ ಕಂಡರೆ ಸ್ಕೂಟರ್ ನಿಲ್ಲಿಸಿ ಕಾಲು ಮುಟ್ಟುತ್ತಿದ್ದವರು. ಆಗಿದ್ದು ಆಯಿತು, ಬಿಟ್ಟುಬಿಡು ಎಂದು ನನಗೆ ಬುದ್ಧಿ ಹೇಳುವವರು ಈಗಲೂ ಇದ್ದಾರೆ. ಹೇಳುವುದಕ್ಕೆ ಅವರಿಗೇನು ಹೋಗಬೇಕಾಗಿದೆ?

ಅಪ್ಪ ಹುಬ್ಬಳ್ಳಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರರಾಗಿದ್ದರು. ಅವರು ನಿವೃತ್ತರಾಗಿ, ಅವ್ವ ತೀರಿಕೊಂಡ ಮೇಲೆ ಕೆಲಗೇರಿಯ ಮನೆಯಲ್ಲಿ ನಾವಿಬ್ಬರೇ. ನಾನು ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತೆ; ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಅಷ್ಟು ಹೊತ್ತು ಅಪ್ಪನಿಗೆ ಜೊತೆ ಎಂದರೆ ಪೇಪರು, ಕೆರೆಯ ದಂಡೆಯ ಮೇಲೊಂದು ಸುತ್ತು, ಆಮೇಲೆ ಮೊಬೈಲಿನಲ್ಲಿ ಅವರ ಖಾತೆ. ಯಾವ ಕಂಪನಿಯದು ಎಂದು ಹೆಸರು ಬೇಡ, ಎಲ್ಲರ ಮೊಬೈಲಿನಲ್ಲೂ ಇರುವಂಥದ್ದೇ. ಅದರಲ್ಲಿ ಅಪ್ಪ ದಿನಕ್ಕೊಂದು ಹಳೆಯ ಕನ್ನಡ ಪದ ಹಾಕಿ ಅರ್ಥ ಬರೆಯುತ್ತಿದ್ದರು. ಕೆಳಗೆ ಹಳೆಯ ವಿದ್ಯಾರ್ಥಿಗಳು ಸಾಲುಗಟ್ಟಿ ನಮಸ್ಕಾರ ಹೇಳಿದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುತ್ತಿದ್ದರು. ಮದುವೆಯಾಯಿತೇ, ಮಗಳು ಏನು ಓದುತ್ತಿದ್ದಾಳೆ, ನಿಮ್ಮ ತಾಯಿಯ ಮೊಣಕಾಲು ಹೇಗಿದೆ, ಹೀಗೆ.

ನಮ್ಮಿಬ್ಬರ ಜಗಳ ಒಂದೇ ಕಾರಣಕ್ಕೆ. ಗೆಳೆತನ ಕೋರಿ ಯಾರೇ ಕಳಿಸಲಿ, ಅಪ್ಪ ಹೂಂ ಎಂದುಬಿಡುತ್ತಿದ್ದರು. ಫೋಟೊ ಇಲ್ಲದವರಿಗೂ ಹೂಂ, ನಿನ್ನೆ ಮೊನ್ನೆ ಹುಟ್ಟಿದ ಖಾತೆಗಳಿಗೂ ಹೂಂ. ನಾನು ರೇಗಿದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು.

"ಎಷ್ಟ ಹುಡುಗರಿಗೆ ಕಲಿಸೇನಿ ಯವ್ವಾ, ಎಲ್ಲಾರ ಮಾರಿ ನೆನಪಿರ್ತಾವೇನು? ಅಂವ ನಮ್ಮ ಸಾಲಿ ಹುಡುಗ ಇದ್ದಾ ಅಂದ್ರ? ಮಾಸ್ತರ ನನ್ನ ಗುರ್ತ ಹಿಡೀಲಿಲ್ಲ ಅಂತ ಮನಸಿಗೆ ಹಚ್ಕೋತಾನ."

ಅದಕ್ಕೇ ಒಂದು ಭಾನುವಾರ ನಾನೇ ಮೊಬೈಲ್ ಕಸಿದುಕೊಂಡು ಕೂತೆ. ಹುಟ್ಟಿದ ದಿನ ಮುಚ್ಚಿದೆ, ಗೆಳೆಯರ ಪಟ್ಟಿ ಹೊರಗಿನವರಿಗೆ ಕಾಣದಂತೆ ಮಾಡಿದೆ, ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್ ಕೂಡ ಬೇಕು ಎನ್ನುವ ಎರಡನೇ ಬೀಗ ಹಾಕಿದೆ. ಆ ಕೋಡನ್ನು ದೇವರೇ ಬಂದು ಕೇಳಿದರೂ ಹೇಳಬೇಡಿ ಅಂದೆ. ನಮ್ಮ ಮನೆಯಲ್ಲಿ ದೇವರ ಜಗಲಿ ಇಲ್ಲ, ಬುದ್ಧನ ಪಟ ಒಂದಿದೆ. ಅಪ್ಪ ಅದರ ಕಡೆ ನೋಡಿ ನಕ್ಕರು.

ಹೆಸರು ಎನ್ನುವುದು ಅಪ್ಪನಿಗೆ ಬೇರೆಯವರಿಗಿಂತ ತುಟ್ಟಿ. ನೌಕರಿಗೆ ಸೇರಿದ ಹೊಸತರಲ್ಲಿ ಬಾಡಿಗೆ ಮನೆಗಾಗಿ ಓಣಿ ಓಣಿ ತಿರುಗಿದವರು ಅವರು. ಮಾಸ್ತರ ಎಂದೊಡನೆ ಒಳಗೆ ಕರೆದು ಕೂರಿಸಿದ ಮಂದಿ, ಮಾತಿಗೆ ಮಾತು ಬೆಳೆದು ನಾವು ಯಾವ ಪೈಕಿ ಎಂದು ತಿಳಿದ ಮೇಲೆ, ಮನೆ ಆಗಲೇ ಇನ್ನೊಬ್ಬರಿಗೆ ಮಾತಾಗಿದೆ ಎನ್ನುತ್ತಿದ್ದರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ಮುಂದೆ ಅದೇ ಓಣಿಗಳ ಮಕ್ಕಳು ಅವರ ತರಗತಿಗೆ ಬಂದರು. ಒಂದೊಂದೇ ತಂಡಕ್ಕೆ ಕಲಿಸುತ್ತಾ, ಯಾರೂ ಬೆರಳು ತೋರಿಸದ ಹಾಗೆ ನಡೆದುಕೊಳ್ಳುತ್ತಾ, ಅಪ್ಪ 'ಸರ್' ಎನ್ನುವ ಆ ಒಂದು ಕರೆಯನ್ನು ಗಳಿಸಿಕೊಂಡಿದ್ದರು. ಅದು ಹೋದರೆ ಅವರ ಹತ್ತಿರ ಬೇರೇನೂ ಉಳಿಯುತ್ತಿರಲಿಲ್ಲ.

ನಮ್ಮ ಕಡೆ ಈಗ ಗುರುವಂದನೆಯ ಹುರುಪು ಜೋರಾಗಿದೆ. ಒಂದೇ ವರ್ಷ ಹತ್ತನೇ ತರಗತಿ ಮುಗಿಸಿದವರು ನಡುವಯಸ್ಸಿಗೆ ಬಂದ ಮೇಲೆ ಗುಂಪು ಕಟ್ಟಿ, ಕಲಿಸಿದ ಮಾಸ್ತರರನ್ನು ಕರೆದು, ಶಾಲು ಹೊದಿಸಿ, ಮಾಲೆ ಹಾಕಿ, ಊಟ ಹಾಕಿಸಿ ಕಳಿಸುತ್ತಾರೆ. ಅಪ್ಪನ ಒಂದು ತಂಡದವರೂ ಬೆಂಗೇರಿಯ ಕಲ್ಯಾಣ ಮಂಟಪದಲ್ಲಿ ಅಂಥದ್ದೊಂದು ಕಾರ್ಯಕ್ರಮ ಇಟ್ಟುಕೊಂಡರು. ಅದರ ಮುಂದಾಳು ಗಬ್ಬೂರ ಬೈಪಾಸಿನ ಹತ್ತಿರ ಟೈರಿನ ಅಂಗಡಿ ಇಟ್ಟವನು. ಕೆಟ್ಟವನಲ್ಲ, ಎಲ್ಲದಕ್ಕೂ ಮುಂದೆ ಬೀಳುವ ಸ್ವಭಾವ. ಅವನು ಆಮಂತ್ರಣ ಮಾಡಿಸಿ, ಅದರಲ್ಲಿ ಅಪ್ಪನ ಫೋಟೊ, ಹುಟ್ಟಿದ ಊರು, ಹುಟ್ಟಿದ ದಿನ, ಮೊಬೈಲ್ ನಂಬರು ಎಲ್ಲ ಹಾಕಿ, ಲೋಕವೆಲ್ಲ ನೋಡುವಂತೆ ತನ್ನ ಖಾತೆಯಲ್ಲಿ ಹರಿಬಿಟ್ಟ. ಜೊತೆಗೆ ಅವರ ತರಗತಿಯ ಹಳೆಯ ಗ್ರೂಪ್ ಫೋಟೊ. ಅದರ ಕೆಳಗೆ ಎಲ್ಲರೂ ಮುಗಿಬಿದ್ದು, ಎರಡನೇ ಸಾಲಿನಲ್ಲಿ ಇವನು, ಇವನ ಬಲಕ್ಕೆ ಅವನು, ಅವನಿಗಿದ್ದ ಅಡ್ಡಹೆಸರು ಇದು, ಸರ್ ಇವನಿಗೆ ಹೊಡೆದದ್ದು ಇಂಥ ಕಾರಣಕ್ಕೆ ಎಂದು ತಮ್ಮ ಬಾಲ್ಯವನ್ನೆಲ್ಲ ಬರೆದು ಹಾಕಿದರು.

ನಾನು ಅವನಿಗೆ ಫೋನ್ ಮಾಡಿದೆ. ನಂಬರು, ಹುಟ್ಟಿದ ದಿನ ತೆಗೆಯಿರಿ, ಉಳಿದದ್ದು ನಿಮ್ಮ ತಂಡದವರಿಗಷ್ಟೇ ಕಾಣುವ ಹಾಗೆ ಇಡಿರಿ ಎಂದೆ. ಅವನು ನಕ್ಕುಬಿಟ್ಟ. "ಅಕ್ಕಾರ, ಸರ್ ನಂಬರ ಮುಚ್ಚಿಡೂವಂಥಾದ್ದೇನ್ರಿ? ಮಂದಿ ಫೋನ್ ಮಾಡಿ ಆಶೀರ್ವಾದ ತಗೊಳ್ಳಲಿ ಅಂತ ಹಾಕೇವ್ರಿ." ಮುಚ್ಚಿಡುವುದು ಎಂದರೆ ನಮ್ಮ ಜನಕ್ಕೆ ಒಂದೇ ಅರ್ಥ, ಏನೋ ತಪ್ಪು ಮಾಡಿದವರು ಮಾಡುವ ಕೆಲಸ. ಬಾಗಿಲು ಹಾಕಿಕೊಂಡು ಊಟ ಮಾಡುವವರನ್ನು ಜಿಪುಣರು ಎನ್ನುವ ಮಂದಿಗೆ ಖಾತೆಗೆ ಬೀಗ ಹಾಕಿರಿ ಎಂದರೆ ನಗು ಬರದೆ ಇನ್ನೇನು ಬರುತ್ತದೆ?

ಕಳ್ಳ ಆ ವಾರವೇ ಒಂದು ಮಧ್ಯಾಹ್ನ ಫೋನ್ ಮಾಡಿದ. ತಾನು ಆ ತಂಡದ ವಿದ್ಯಾರ್ಥಿ ಎಂದು ಗ್ರೂಪ್ ಫೋಟೊದಲ್ಲಿದ್ದ ಒಬ್ಬನ ಹೆಸರು ಹೇಳಿದ, ಈಗ ಪುಣೆಯಲ್ಲಿ ನೌಕರಿ ಅಂದ. ಮಾತೆಲ್ಲ ನಮ್ಮ ಕಡೆಯದೇ. ಅಪ್ಪ ಪೆದ್ದರಲ್ಲ, ತಮ್ಮ ರೀತಿಯಲ್ಲಿ ಪರೀಕ್ಷೆ ಮಾಡಿದರು. ನಿನ್ನ ಮಗ್ಗುಲಲ್ಲಿ ಯಾರು ಕೂರುತ್ತಿದ್ದ, ಹುಡುಗರು ನಿನಗೆ ಏನೆಂದು ಕರೆಯುತ್ತಿದ್ದರು, ನಾನು ನಿನಗೆ ಹೊಡೆದದ್ದು ಯಾವುದಕ್ಕೆ ಎಂದು ಕೇಳಿದರು. ಅವನು ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟ. ಫೋಟೊದ ಕೆಳಗೆ ಬರೆದದ್ದನ್ನು ನೋಡಿಕೊಂಡೇ ಹೇಳುತ್ತಿದ್ದಾನೆ ಎಂದು ಅಪ್ಪನಿಗೆ ಹೇಗೆ ತಿಳಿಯಬೇಕು? ಇಷ್ಟು ವರ್ಷದ ಮೇಲೂ ಹುಡುಗ ಪೆಟ್ಟನ್ನು ನೆನಪಿಟ್ಟುಕೊಂಡಿದ್ದಾನಲ್ಲ ಎಂದು ಅವರಿಗೆ ಖುಷಿಯೋ ಖುಷಿ.

ಕಾರ್ಯಕ್ರಮ ನಿಮ್ಮ ಖಾತೆಯಲ್ಲೇ ನೇರವಾಗಿ ಕಾಣುವಂತೆ ಜೋಡಿಸುತ್ತಿದ್ದೇನೆ, ನಿಮ್ಮ ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನಷ್ಟು ಹೇಳಿಬಿಡಿ ಎಂದ ಅವನು. ಅಪ್ಪ ಕನ್ನಡಕ ಹಾಕಿಕೊಂಡು, ಉಕ್ತಲೇಖನ ಕೊಟ್ಟ ಹಾಗೆ ಒಂದೊಂದೇ ಅಂಕಿ ಬಿಡಿಸಿ ಹೇಳಿದರು. ಇನ್ನೊಂದು ಬಂತು, ಅದನ್ನೂ ಹೇಳಿದರು. ಇದನ್ನು ಯಾರಿಗೂ ತಿಳಿಸಬೇಡಿ ಎಂದು ಆ ಮೆಸೇಜಿನಲ್ಲೇ ಬರೆದಿತ್ತು, ಇಂಗ್ಲಿಷಿನಲ್ಲಿ. ಜೀವಮಾನವೆಲ್ಲ ಕನ್ನಡ ಕಲಿಸಿದವರಿಗೆ ಎಚ್ಚರಿಕೆ ಹೇಳುವುದು ಇಂಗ್ಲಿಷಿನಲ್ಲಿ, ಮೋಸ ಮಾಡುವುದು ಮಾತ್ರ ಹುಬ್ಬಳ್ಳಿಯ ಕನ್ನಡದಲ್ಲಿ.

ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ಅಪ್ಪನ ಖಾತೆಯಿಂದ ನನಗೇ ಮೆಸೇಜು ಬಂತು. ಊಟ ಆಯಿತಾ ಮಗಳೇ, ವಿಡಿಯೊ ಕಾಲ್ ಮಾಡು ಎಂದು. ಅದರ ಕೆಳಗಿನದನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೊಲಸು ಚಿತ್ರ, ಹೊಲಸು ಮಾತು, ಕೊನೆಗೆ ಒತ್ತಲು ಒಂದು ಲಿಂಕು. ಪಕ್ಕದ ಸೀಟಿನ ಹೆಂಗಸಿಗೆ ಕಾಣಬಾರದೆಂದು ಮೊಬೈಲನ್ನು ಎದೆಗೆ ಒತ್ತಿಕೊಂಡೆ. ಅಪ್ಪನ ಖಾತೆ ಹಾಡಹಗಲೇ ಯಾರ ಕೈಗೋ ಸಿಕ್ಕಿದೆ ಎಂದು ಹೆದರಿದೆ. ಮನೆಗೆ ಬಂದರೆ ಅವರು ಅಂಗಳದ ಕುರ್ಚಿಯಲ್ಲಿ ಕೂತು ಮೊಬೈಲ್ ಒತ್ತುತ್ತಲೇ ಇದ್ದರು. ಒಳಗೆ ಬಿಡುತ್ತಿಲ್ಲ ನೋಡು, ಏನಾಗಿದೆಯೋ ಎಂದರು.

ರೊಕ್ಕ ಕೇಳಿದ್ದರೆ ಎಷ್ಟೋ ವಾಸಿ. ಆ ಆಟ ಈಗ ಎಲ್ಲರಿಗೂ ಗೊತ್ತು, ಸರ್ ಖಾತೆ ಕಳುವಾಗಿದೆ ಎಂದು ಹಳೆಯ ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಈ ಕಳ್ಳ ಪಟ್ಟಿಯಲ್ಲಿದ್ದ ಹೆಣ್ಣುಮಕ್ಕಳನ್ನೆಲ್ಲ ಆರಿಸಿ ಆರಿಸಿ, ಅಪ್ಪ ನಗುತ್ತಿರುವ ಖಾತೆಯ ಫೋಟೊದ ಪಕ್ಕದಲ್ಲಿ, ಇದನ್ನು ಕಳಿಸಿದ್ದ. ಖಾತೆ ಹೋಗಿದೆ ಎಂದು ಕಂಪನಿಗೆ ತಿಳಿಸಲು ಒಂದು ಜಾಗ ಇದೆ, ಅಲ್ಲಿ ಮನುಷ್ಯರಿಲ್ಲ. ನೀವೇ ಹೌದೋ ಎಂದು ನೋಡಲು ಕೋಡ್ ಕಳಿಸುತ್ತೇವೆ ಎನ್ನುತ್ತದೆ, ಕಳಿಸುವುದು ಕಳ್ಳ ಆಗಲೇ ಬದಲಿಸಿದ ನಂಬರಿಗೆ. ಆ ಚಿತ್ರ ತೋರಿಸಿ ದೂರು ಕೊಟ್ಟರೆ, ಪರಿಶೀಲಿಸಿದೆವು, ನಮ್ಮ ನಿಯಮಕ್ಕೆ ವಿರುದ್ಧವಾದದ್ದೇನೂ ಇಲ್ಲ, ನಿಮ್ಮ ಅನುಭವ ನಮಗೆ ಮುಖ್ಯ ಎಂಬ ಉತ್ತರ ಬಂತು. ನನ್ನ ಅನುಭವ ಏನೆಂದು ಆ ಕ್ಷಣ ಎದುರಿಗೆ ಯಾರಾದರೂ ಸಿಕ್ಕಿದ್ದರೆ ತಿಳಿಸಿಕೊಡುತ್ತಿದ್ದೆ. ಸೈಬರ್ ಠಾಣೆಯವರು ಅಪ್ಪನಿಗೆ ಕುರ್ಚಿ ಕೊಟ್ಟು ದೂರು ಬರೆದುಕೊಂಡರು, ಖಾತೆ ನಿಲ್ಲಿಸಲು ತಾವೂ ಬರೆಯುತ್ತೇವೆ, ಸ್ವಲ್ಪ ಸಮಯ ಹಿಡಿಯುತ್ತದೆ ಎಂದರು.

ಆ ಸಮಯ ಸಾಕಾಗಿತ್ತು. ಇನ್ನೊಂದು ಆ್ಯಪಿನಲ್ಲಿ ಆ ತಂಡದವರದೇ ಒಂದು ಮೊಬೈಲ್ ಗ್ರೂಪಿತ್ತು, ಅಪ್ಪನೂ ಅದರಲ್ಲಿದ್ದರು. ನನ್ನ ಖಾತೆ ಕಳುವಾಗಿದೆ, ಅದರಿಂದ ಬಂದದ್ದು ನಾನು ಬರೆದದ್ದಲ್ಲ, ಯಾರೂ ಲಿಂಕ್ ಒತ್ತಬೇಡಿ ಎಂದು ಅಪ್ಪ ತಾವೇ ಅಲ್ಲಿ ಬರೆದರು. ಕೆಳಗೆ ಒಬ್ಬ ಕೈಮುಗಿದ ಚಿತ್ರ ಹಾಕಿದ. ಉಳಿದವರು ಸುಮ್ಮನಿದ್ದರು. ಗ್ರೂಪಿನಲ್ಲಿ ಸುಮ್ಮನಿದ್ದವರು ಹೊರಗೆ ಸುಮ್ಮನಿರಲಿಲ್ಲ. ಮೆಸೇಜಿನ ಸ್ಕ್ರೀನ್‌ಶಾಟುಗಳು ಮೊಬೈಲಿಂದ ಮೊಬೈಲಿಗೆ ಹಾರಿ ನಮ್ಮ ಕಚೇರಿಗೂ ಬಂದವು. ಹೆದರಿದ ಹೆಣ್ಣುಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅಂಥದ್ದನ್ನು ಕಂಡು ಹೆದರದೆ ಇರುವುದು ಹೇಗೆ, ನಾನೇ ಹೆದರಿದ್ದೆ. ಅದನ್ನು ಹಂಚಿಕೊಂಡು ಚಪ್ಪರಿಸಿದ ಗಂಡಸರಿದ್ದಾರಲ್ಲ, ಅವರನ್ನು ಮಾತ್ರ ನಾನು ಈ ಜನ್ಮದಲ್ಲಿ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಒಬ್ಬ ಮಾರನೆಯ ದಿನ ಗ್ರೂಪಿನಲ್ಲಿ, ಅಪ್ಪ ಓದುತ್ತಾರೆ ಎಂಬ ಅರಿವಿದ್ದೂ, "ಎಷ್ಟಾದರೂ" ಎಂದು ಬರೆದು ಮುಂದೆ ಮೂರು ಚುಕ್ಕೆ ಇಟ್ಟ. ಆ ಚುಕ್ಕೆಗಳಲ್ಲಿ ಏನಿತ್ತು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಆಗಲೇ ಮಾತಾಗಿದೆ ಎಂದವರ ಮಕ್ಕಳೇ ಅಲ್ಲವೇ ಇವರು?

ಅಂದು ಸಂಜೆ ಅಪ್ಪನನ್ನು ಗ್ರೂಪಿನಿಂದ ತೆಗೆದುಹಾಕಿದರು. ಎರಡು ದಿನ ಬಿಟ್ಟು ಆಮಂತ್ರಣ ಹೊಸದಾಗಿ ಬಂತು, ಅಪ್ಪನ ಫೋಟೊ ಇದ್ದ ಕಡೆ ದೀಪದ ಚಿತ್ರ ಇತ್ತು.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಬೆಳಗಾವಿಯಿಂದ ಫೋನ್ ಬಂತು, ಬೇರೆ ಯಾವುದೋ ತಂಡದ ಹಳೆಯ ವಿದ್ಯಾರ್ಥಿ. ಇದೇನೂ ಗೊತ್ತಿಲ್ಲದೆ, ಮಗನ ಮದುವೆಗೆ ಕರೆಯಲು ಮಾಡಿದ್ದ. ಅಪ್ಪ ಅವನ ಮಾತು ಮುಗಿಯುವ ಮೊದಲೇ, ನೀನು ಯಾರೆಂದು ನನಗೆ ಗೊತ್ತಿಲ್ಲ ಎಂದು ಫೋನ್ ಇಟ್ಟುಬಿಟ್ಟರು. ಆಮೇಲೆ ಆ ನಂಬರನ್ನೇ ನೋಡುತ್ತಾ ಕೂತರು. ಅವನ ಹೆಸರು, ಅವನ ಅಪ್ಪನ ಹೆಸರು, ಅವನ ಕೈಬರಹ ಹೇಗಿತ್ತು ಎನ್ನುವುದು ಕೂಡ ನೆನಪಿದೆ ಎಂದರು. ಮತ್ತೆ ಮಾಡಿ ಮಾತಾಡಿರಿ ಎಂದರೆ ಬೇಡ ಎಂದು ತಲೆ ಅಲ್ಲಾಡಿಸಿದರು.

ಮರುದಿನ ಕಚೇರಿಗೆ ರಜೆ ಹಾಕಿ ಗಬ್ಬೂರಿನ ಟೈರಿನ ಅಂಗಡಿಗೆ ಹೋದೆ. ಅವನು ಎದ್ದು ನಿಂತು ಕುರ್ಚಿ ಒರೆಸಿದ, ಚಹಾ ಹೇಳಿದ. ನಾನು ಕೂರಲಿಲ್ಲ. ಠಾಣೆಯ ದೂರಿನ ಪ್ರತಿ ಅವನ ಮುಂದೆ ಇಟ್ಟೆ. ಅವನದೇ ಖಾತೆ ತೆಗೆದು, ಅಪ್ಪನ ನಂಬರು, ಹುಟ್ಟಿದ ದಿನ, ಫೋಟೊದ ಕೆಳಗಿನ ಆ ಬಾಲ್ಯಪುರಾಣ ಎಲ್ಲ ತೋರಿಸಿ, ಕಳ್ಳನಿಗೆ ಬಾಗಿಲು ತೆಗೆದವರು ನೀವು, ತೆಗೆಯಬೇಡಿ ಎಂದು ನಾನು ಹೇಳಿದ್ದೆ, ಈಗ ಮನೆಯವರನ್ನೇ ಹೊರಗೆ ಹಾಕುತ್ತಿದ್ದೀರಿ ಎಂದೆ. ಪಂಕ್ಚರ್ ತಿದ್ದುತ್ತಿದ್ದವರು ಕೆಲಸ ನಿಲ್ಲಿಸಿ ನೋಡತೊಡಗಿದರು. ನೋಡಲಿ ಎಂದು ಇನ್ನೂ ಜೋರಾಗಿಯೇ ಹೇಳಿದೆ. ಅವನು ಬೆವರು ಒರೆಸಿಕೊಳ್ಳುತ್ತಾ, ನಾಲ್ಕು ಮಂದಿ ಆಡಿಕೊಳ್ಳುತ್ತಾರೆ, ಹೆಣ್ಣುಮಕ್ಕಳು ಮುಜುಗರ ಪಡುತ್ತಾರೆ, ಸರ್ ಮೇಲೆ ತನಗಂತೂ ಗೌರವ ಇದ್ದೇ ಇದೆ ಎಂದೆಲ್ಲ ಹೇಳಿದ. ಆ ಗೌರವವನ್ನು ಎಲ್ಲಿ ಇಟ್ಟಿದ್ದಾನೋ ಅಲ್ಲೇ ಇಟ್ಟುಕೊಳ್ಳಲು ಹೇಳಿ ಬಂದೆ.

ಅದರ ಫಲ ಬೇರೆಯೇ ಆಯಿತು. ಕಾರ್ಯಕ್ರಮಕ್ಕೆ ಇನ್ನೇನು ಕೆಲವೇ ದಿನ ಎನ್ನುವಾಗ ಅವನು ಇನ್ನಿಬ್ಬರನ್ನು ಕರೆದುಕೊಂಡು, ಹಣ್ಣಿನ ಚೀಲ ಹಿಡಿದುಕೊಂಡು ಕೆಲಗೇರಿಗೆ ಬಂದ. ಅಪ್ಪನ ಕಾಲು ಮುಟ್ಟಿ ಎದುರಿಗೆ ಕೂತ.

"ಸರ, ಆಗಿದ್ದು ಆಗಿಹೋತ್ರಿ. ನಾವೆಲ್ಲಾರೂ ಅದನ್ನ ಮರತ ಬಿಟ್ಟೀವ್ರಿ. ಯಾರ ಮನಸಿನ್ಯಾಗೂ ಏನೂ ಇಲ್ಲ. ನೀವು ಬರಾಕಬೇಕ್ರಿ."

"ಮರತೀವಿ ಅಂದ್ರ, ನಾ ಮಾಡೇನಿ ಅಂತ ಆತಲ್ಲೋ ತಮ್ಮಾ" ಎಂದರು ಅಪ್ಪ, ದನಿ ಏರಿಸದೆ.

ಅವನಿಗೆ ಅದು ಹೊಳೆಯಲೇ ಇಲ್ಲ. ಹಾಗಲ್ಲ ಸರ್, ಮನುಷ್ಯ ಎಂದ ಮೇಲೆ ಹೆಚ್ಚುಕಡಿಮೆ ಆಗುತ್ತದೆ ಎಂದ. ಖಾತೆ ಕಳುವಾಗಿತ್ತು ಎಂದು ವೇದಿಕೆಯ ಮೇಲೆ ನೀನೇ ಒಂದು ಮಾತು ಹೇಳುತ್ತೀಯೇನು ಎಂದು ಅಪ್ಪ ಕೇಳಿದರು. ಅಷ್ಟು ಮಂದಿ ಮುಂದೆ ಆ ವಿಷಯ ತೆಗೆಯುವುದು ಯಾಕೆ, ಸಂತೋಷದ ಕಾರ್ಯಕ್ರಮ, ಅದರ ಮಾತೇ ಬೇಡ ಎಂದ ಅವನು. ಅವರನ್ನು ಹೊರಗೆ ಹಾಕಲು ನಾನು ಎದ್ದೇ ಬಿಟ್ಟಿದ್ದೆ. ಅಷ್ಟರಲ್ಲಿ ಅಪ್ಪ, ಆಯಿತು ಬರುತ್ತೇನೆ ಎಂದುಬಿಟ್ಟರು.

ಅವರು ಹೋದ ಮೇಲೆ ನಾನು ಅಪ್ಪನ ಮೇಲೆ ಹರಿಹಾಯ್ದೆ. ಮಾಡದ ತಪ್ಪಿಗೆ ಕ್ಷಮೆ ಕೊಡಲು ಬಂದವರ ಶಾಲಿಗೆ ಹೆಗಲು ಕೊಡುತ್ತೀರಾ, ನಿಮಗೆ ಮಾನ ಇಲ್ಲವೇ ಎಂದು ಕೂಡ ಅಂದೆ. ಅಪ್ಪ 'ಬಿಳಿ ಅಂಗಿ ಇಸ್ತ್ರಿ ಮಾಡಿಸಬೇಕು' ಎಂದಷ್ಟೇ ಹೇಳಿದರು. ಅವರ ಜೊತೆ ಹೋಗಲೇಬಾರದು ಎಂದುಕೊಂಡಿದ್ದೆ. ಆ ಮಂದಿಯ ನಡುವೆ ಒಬ್ಬರನ್ನೇ ಬಿಡಲು ಮನಸ್ಸಾಗದೆ ಹೋದೆ.

ಕಲ್ಯಾಣ ಮಂಟಪ ತುಂಬಿತ್ತು. ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ, ಎಲ್ಲರ ಎದೆಯ ಮೇಲೂ ಹೆಸರಿನ ಚೀಟಿ. ಅಪ್ಪನನ್ನು ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂರಿಸಿದರು. ಒಬ್ಬೊಬ್ಬ ಮಾಸ್ತರರಿಗೂ ಶಾಲು ಹೊದಿಸಿ, ಎರಡು ಮಾತಾಡಲು ಮೈಕ್ ಕೊಡುತ್ತಾ ಬಂದರು. ಅಪ್ಪನ ಸರದಿ ಬಂದಾಗ ಅವರು ಶಾಲು ಹಿಡಿದವನನ್ನು ಕೈ ಅಡ್ಡ ಮಾಡಿ ತಡೆದು ಮೊದಲು ಮೈಕ್ ತೆಗೆದುಕೊಂಡರು. ಟೈರಿನ ಅಂಗಡಿಯವನ ಮುಖ ಬಿಳಿಚಿಕೊಂಡಿತು.

"ನನ್ನ ಹೆಸರಲೆ ಬಂದ ಆ ಮೆಸೇಜು ನೋಡಿದವರು ಕೈ ಎತ್ರಿ" ಎಂದರು ಅಪ್ಪ.

ತರಗತಿಯ ದನಿ ಅದು. ಸಭೆಯಲ್ಲಿ ಪಿಸುಮಾತು ಎದ್ದು ಅಡಗಿತು. ಮೊದಲು ಒಂದು ಕೈ, ಆಮೇಲೆ ಅಲ್ಲೊಂದು ಇಲ್ಲೊಂದು, ಆಮೇಲೆ ಹೆಚ್ಚುಕಡಿಮೆ ಎಲ್ಲರದೂ. ತಲೆ ನರೆತ ಗಂಡಸರು ಹುಡುಗರ ಹಾಗೆ ಕೈ ಎತ್ತಿ ಕೂತಿದ್ದರು.

"ಅದನ್ನ ನಾನ ಬರದೇನಿ ಅಂತ ನಂಬಿದವರು ಕೈ ಇಳಸ್ರಿ."

ಒಂದು ಕೈಯೂ ಇಳಿಯಲಿಲ್ಲ. ಚುಕ್ಕೆ ಇಟ್ಟವನದೂ ಇಳಿಯಲಿಲ್ಲ, ನಾನು ಅವನನ್ನೇ ನೋಡುತ್ತಿದ್ದೆ.

"ಛಲೋ ಆತು. ಹಂಗಾರ ನನಗ ಫೋನ್ ಹಚ್ಚಿ, ಏನಾಗೈತ್ರಿ ಸರ ಅಂತ ಕೇಳಿದವರು ಅಷ್ಟ ಹಂಗ ಇರ್ರಿ. ಉಳಿದವರು ಇಳಸ್ರಿ."

ಕೈಗಳು ಇಳಿಯತೊಡಗಿದವು. ಹಿಂದಿನ ಸಾಲು ಮೊದಲು, ಆಮೇಲೆ ಎಡಗಡೆ, ಆಮೇಲೆ ಬಲಗಡೆ. ಕೊನೆಗೆ ಒಂದೂ ಉಳಿಯಲಿಲ್ಲ. ಅಪ್ಪ ಅಷ್ಟೂ ಹೊತ್ತು ಕಾದರು. ಲೆಕ್ಕ ತಪ್ಪಬಾರದು ಎನ್ನುವ ಹಾಗೆ ಇನ್ನೊಮ್ಮೆ ಸಭೆಯ ಈ ತುದಿಯಿಂದ ಆ ತುದಿಗೆ ನೋಡಿದರು.

"ಆ ಕಳ್ಳ ಫೋನ್ ಹಚ್ಚಿದ್ದ ನೋಡ್ರಿ" ಎಂದರು. "ಆರಾಮ ಅದೀರೇನ್ರಿ ಸರ ಅಂತ ಕೇಳಿದ."

ಮೈಕನ್ನು ಮೇಜಿನ ಮೇಲಿಟ್ಟು, ಶಾಲು ಹಿಡಿದು ನಿಂತಿದ್ದವನ ಪಕ್ಕದಿಂದಲೇ ಮೆಟ್ಟಿಲು ಇಳಿದು ನಾನಿದ್ದಲ್ಲಿಗೆ ಬಂದರು. ಊಟಕ್ಕೆ ಎಲೆ ಹಾಕುತ್ತಿದ್ದರು, ನಾವು ನಿಲ್ಲಲಿಲ್ಲ. ಬಾಗಿಲು ದಾಟುವವರೆಗೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ನಾನು ತಿರುಗಿ ನಿಂತು ಬೈಯುವವಳಿದ್ದೆ.